ಸಿಸೇರಿಯನ್ ಆದ ಮೇಲೆ ನಾರ್ಮಲ್ ಹೆರಿಗೆ: ನನ್ನ ಅನುಭವ

ಮೊದಲನೇ ಮಗು ಹೊಟ್ಟೆಯಲ್ಲಿ ಉಲ್ಟಾ ಇತ್ತು. ತಲೆ ಮೇಲೆ, ಕಾಲು ಕೆಳಗೆ. ಹಾಗಾಗಿ ಸಿಸೇರಿಯನ್ ಆಯ್ತು. ಮೂರು ವರ್ಷ ಬಿಟ್ಟು ಮತ್ತೆ ಬಸುರಿಯಾದಾಗ, ಈ ಸಲ ನಾರ್ಮಲ್ ಆಗಬಹುದಾ ಅಂತ ಕೇಳಿದೆ. ಡಾಕ್ಟರ್ ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. "ಹಳೇ ಆಪರೇಷನ್ ಕಾಗದ ತನ್ನಿ" ಅಂದರು.

ಹೊಟ್ಟೆ ಮೇಲಿನ ಗೆರೆ ನೋಡಿದರೆ ಸಾಕಲ್ವಾ ಅಂದುಕೊಂಡಿದ್ದೆ. ಸಾಲದು. ಚರ್ಮದ ಮೇಲೆ ಅಡ್ಡ ಗೆರೆ ಇದ್ದರೂ ಒಳಗೆ ಗರ್ಭಕೋಶವನ್ನು ಉದ್ದಕ್ಕೆ ಕೊಯ್ದಿರಬಹುದು. ಕೆಳಭಾಗದಲ್ಲಿ ಅಡ್ಡಕ್ಕೆ ಕೊಯ್ದ ಗಾಯ ಹೆರಿಗೆ ನೋವಿನ ಎಳೆತವನ್ನು ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಮೇಲ್ಭಾಗದಲ್ಲಿ ಉದ್ದಕ್ಕೆ ಕೊಯ್ದಿದ್ದರೆ ಬಿರಿಯುವ ಅಪಾಯ ಜಾಸ್ತಿ, ಅಂಥವರಿಗೆ ನಾರ್ಮಲ್ ಬೇಡ ಅಂತಲೇ ಹೇಳುತ್ತಾರೆ. ಎರಡು ಸಲ ಅಲೆದು ಆ ಕಾಗದ ತಂದೆ. ನನ್ನದು ಕೆಳಗಿನ ಅಡ್ಡ ಕೊಯ್ತ.

ಆಮೇಲೆ ಲೆಕ್ಕ ಹೇಳಿದರು. ಹೀಗೆ ಪ್ರಯತ್ನಿಸುವ 100 ಜನರಲ್ಲಿ 60ರಿಂದ 80 ಜನಕ್ಕೆ ನಾರ್ಮಲ್ ಆಗುತ್ತದೆ. ಹಳೇ ಹೊಲಿಗೆ ಬಿಟ್ಟು ಗರ್ಭಕೋಶ ಬಿರಿಯುವುದು ಸುಮಾರು 200ರಲ್ಲಿ ಒಬ್ಬರಿಗೆ. ಚಿಕ್ಕ ಸಂಖ್ಯೆಯೇ. ಆದರೆ ಬಿರಿದರೆ ಮಗುವಿಗೆ ಆಮ್ಲಜನಕ ನಿಂತುಹೋಗಬಹುದು, ತಾಯಿಗೆ ಒಳಗೇ ರಕ್ತ ಹರಿಯುತ್ತದೆ, ಒಮ್ಮೊಮ್ಮೆ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ನೋವು ತಿಂದೂ ಆಗದೆ ಕೊನೆಗೆ ತುರ್ತಾಗಿ ಸಿಸೇರಿಯನ್ ಮಾಡಿದರೆ, ಮೊದಲೇ ದಿನ ಗೊತ್ತುಮಾಡಿ ಮಾಡುವುದಕ್ಕಿಂತ ತೊಂದರೆ ಹೆಚ್ಚು. ಹಾಗಂತ ಸಿಸೇರಿಯನ್ ಮೇಲೆ ಸಿಸೇರಿಯನ್ ಆಗುತ್ತಾ ಹೋದರೂ ಅಪಾಯ ಇದ್ದೇ ಇದೆ. ಮುಂದಿನ ಬಸುರಿನಲ್ಲಿ ಮಾಸು ಹಳೇ ಗಾಯಕ್ಕೆ ಅಂಟಿಕೊಂಡು ಬೆಳೆಯಬಹುದು.

ನನ್ನ ತಲೆ ಕೊರೆದದ್ದು 200ರಲ್ಲಿ ಬಿರಿಯುವ ಆ ಒಬ್ಬರು. ಆ ಒಬ್ಬಳು ನಾನೇ ಆದರೆ? ರಾತ್ರಿ ಎರಡು ಗಂಟೆಗೆ ಆಪರೇಷನ್ ಥಿಯೇಟರ್ ಸಿದ್ಧ ಇರುತ್ತಾ? ಅರಿವಳಿಕೆ ಡಾಕ್ಟರ್ ಅಲ್ಲೇ ಇರ್ತಾರಾ? ರಕ್ತ ಸಿಗುತ್ತಾ? ನಾನು ತೋರಿಸುತ್ತಿದ್ದ ಆಸ್ಪತ್ರೆಯಲ್ಲಿ "ಫೋನ್ ಮಾಡಿದರೆ ಬರ್ತಾರೆ" ಅಂದರು. ಏಳನೇ ತಿಂಗಳಲ್ಲಿ ಆಸ್ಪತ್ರೆ ಬದಲಾಯಿಸಿದೆ. ಬೇಜಾರಾಯ್ತು, ಆದರೂ ನಾನು ಮಾಡಿದ್ದರಲ್ಲಿ ಇದೇ ಮುಖ್ಯ ಕೆಲಸ ಅಂತ ಈಗಲೂ ಅನ್ನಿಸುತ್ತದೆ.

39 ವಾರಕ್ಕೆ ನೋವು ತಾನಾಗಿಯೇ ಶುರುವಾಯ್ತು. ಅದೇ ದೊಡ್ಡ ಸಮಾಧಾನ. ಔಷಧಿ ಕೊಟ್ಟು ನೋವು ಬರಿಸಿದರೆ ಬಿರಿಯುವ ಅಪಾಯ ಹೆಚ್ಚುತ್ತದೆ, ಕೆಲವು ಮಾತ್ರೆಗಳನ್ನಂತೂ ನಮ್ಮಂಥವರಿಗೆ ಕೊಡುವ ಹಾಗೇ ಇಲ್ಲ.

ಹೊಟ್ಟೆಗೆ ಬೆಲ್ಟ್ ಕಟ್ಟಿ, ಮಗುವಿನ ಎದೆಬಡಿತ ಬಿಡದೆ ನೋಡುತ್ತಿದ್ದರು. ಯಂತ್ರದಿಂದ ಕಾಗದ ಸರ್ರಂತ ಹೊರಗೆ ಬರುತ್ತಿತ್ತು. ಗರ್ಭಕೋಶದ ಬಾಯಿ ಆರು ಸೆಂಟಿಮೀಟರ್ ತೆರೆದು ಅಲ್ಲೇ ನಿಂತಿತು. ನೋವು ಜಾಸ್ತಿ ಮಾಡಲು ಡ್ರಿಪ್ ಹಾಕಬಹುದಿತ್ತು, ಅದರಿಂದಲೂ ಹೊಲಿಗೆ ಮೇಲೆ ಒತ್ತಡ ಬೀಳುತ್ತದೆ ಅಂತ ಡಾಕ್ಟರ್ ಕಾದರು. ಆಗಲೇ 140 ಇದ್ದ ಬಡಿತ 90ಕ್ಕೆ ಇಳಿಯಿತು. ನರ್ಸ್ ನನ್ನನ್ನು ಎಡಕ್ಕೆ ಹೊರಳಿಸಿದರು. ಡಾಕ್ಟರ್ ಹಳೇ ಗೆರೆಯ ಮೇಲೆ ಎರಡು ಬೆರಳಿಟ್ಟು ಮೆಲ್ಲಗೆ ಒತ್ತಿ, "ನೋವು ಬಿಟ್ಟಾಗಲೂ ಇಲ್ಲಿ ನೋಯುತ್ತಾ?" ಅಂತ ಕೇಳಿದರು. ನೋವಿನ ಮಧ್ಯೆ ಬಿಡುವೇ ಇಲ್ಲದೆ ಗಾಯದ ಜಾಗ ನೋಯುವುದು, ರಕ್ತ ಹೋಗುವುದು, ಬಡಿತ ಇಳಿದು ಮೇಲೆ ಬಾರದಿರುವುದು, ಇವೇ ಬಿರಿತದ ಗುರುತು. ನನಗೆ ಅಲ್ಲಿ ನೋಯುತ್ತಿರಲಿಲ್ಲ. 110, 125, 138. ನಾನು ಆ ಅಂಕಿ ಬಿಟ್ಟು ಬೇರೇನೂ ನೋಡಲಿಲ್ಲ.

"ಇನ್ನೊಮ್ಮೆ ಇಳಿದು ಮೇಲೆ ಬರದಿದ್ದರೆ ಸೀದಾ ಥಿಯೇಟರ್" ಅಂದರು. ಆಗಲಿ ಅಂದೆ. ನಿಜವಾಗಿಯೂ ಒಪ್ಪಿಯೇ ಅಂದದ್ದು. ಇಳಿಯಲಿಲ್ಲ. ನಾಲ್ಕು ಗಂಟೆ ಕಳೆದು ಮಗಳು ಹುಟ್ಟಿದಳು. ಎದುರಿನ ಥಿಯೇಟರ್‌ನ ದೀಪ ಆರಿಸಿದ್ದು ಮಾಸು ಬಿದ್ದು, ರಕ್ತ ಹತೋಟಿಗೆ ಬಂದ ಮೇಲೆಯೇ.