ಇಡೀ ಬ್ಯಾಂಡ್ ನೀವೊಬ್ಬರ ಬಾರಿಸೂದು ಹ್ಯಾಂಗ?

ಗಿಟಾರ್, ಬೇಸ್, ಡ್ರಮ್ಸ್ ಮೂರೂ ಅಷ್ಟಿಷ್ಟು ಬರ್ತಾವು, ಬ್ಯಾಂಡ್ ಮಾತ್ರ ಕೂಡವಲ್ದು ಅನ್ನೋ ಹುಡುಗರು ಧಾರವಾಡದಾಗ ಭಾಳ ಅದಾರ. ಕಾಯಬ್ಯಾಡ್ರಿ, ಒಬ್ಬರ ರೆಕಾರ್ಡ್ ಮಾಡ್ರಿ. ಅಮೆರಿಕದ ರಾಕ್ ಬ್ಯಾಂಡ್ ನಿರ್ವಾಣದ ಡ್ರಮ್ಮರ್ ಡೇವ್ ಗ್ರೋಲ್ 1994ರ ಅಕ್ಟೋಬರದಾಗ ಸಿಯಾಟಲ್‌ನ ಸ್ಟುಡಿಯೋದಾಗ ಒಂದು ವಾರದಷ್ಟರಾಗ ಇಡೀ ಆಲ್ಬಮ್ ಮುಗಿಸಿದ. ಒಂದು ಹಾಡಿನೊಳಗಿನ ಒಂದು ಗಿಟಾರ್ ಬಿಟ್ರ ಎಲ್ಲಾ ಅವನ ಕೈಯಿಂದಾನ. ಅವನ ಬ್ಯಾಂಡ್ ಫೂ ಫೈಟರ್ಸ್ ಹುಟ್ಟಿದ್ದು ಹಂಗ. ನಮ್ಮ ಕಡೆ ಇದು ಹೊಸಾದೂ ಅಲ್ಲ, ಗದಗಿನ ಪುಟ್ಟರಾಜ ಗವಾಯಿಗಳು ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಎಲ್ಲಾ ನುಡಸ್ತಿದ್ರು.

ಗ್ರೋಲ್ ಮೊದಲು ಡ್ರಮ್ಸ್ ಬಾರಿಸಿದ. ಹಾಡು ಅವನ ತಲಿಯೊಳಗ ಪೂರಾ ಕೂತಿತ್ತು. ನಿಮಗ ಅದಕ್ಕೂ ಮೊದಲು ಒಂದು ಗೈಡ್ ಟ್ರ್ಯಾಕ್ ಬೇಕು, ಅಂದ್ರ ದಾರಿ ತೋರಿಸೂ ಕಚ್ಚಾ ರೆಕಾರ್ಡಿಂಗ್. ಕ್ಲಿಕ್ (ಲಯ ತೋರಿಸೂ ಟಿಕ್ ಟಿಕ್ ಸಪ್ಪಳ) ಹಚ್ಚಿ, ಗಿಟಾರ್ ಬಾರಿಸ್ಕೋತ ಹಾಡ್ರಿ. ಸ್ವರ ಹೋದ್ರ ಹೋಗ್ಲಿ, ಲಯ ಹೋಗಬಾರದು. ಕಡೀಕ ಅದನ್ನ ಅಳಿಸಿ ಒಗೀರಿ.

ಡ್ರಮ್ಸ್ ಅಂದ್ರ ಓಣಿಯವರ ಪ್ರಶ್ನೆ. ಎಲೆಕ್ಟ್ರಾನಿಕ್ ಕಿಟ್ ಇದ್ರೂ ಕಿಕ್ (ಕಾಲಿನಿಂದ ಬಾರಿಸೂ ದೊಡ್ಡ ಡ್ರಮ್) ಪೆಡಲಿನ ಗುದ್ದು ಕೆಳಗಿನ ಮನಿಗೆ ಕೇಳತದ, ಅದರ ಕೆಳಗ ಕೌದಿ ಮಡಚಿ ಹಾಕ್ರಿ. ಹಾಡೂ ಮುಂದೂ ಕೌದೀನ ಬೇಕು. ಭಾಳ ಮಂದಿ ಮೈಕಿನ ಹಿಂದ ಕಟ್ಟತಾರ. ಬ್ಯಾಡ, ನಿಮ್ಮ ಬೆನ್ನ ಹಿಂದ ಕಟ್ರಿ. ಹಾಡೂ ಮೈಕ್ ನಿಮ್ಮ ಕಡೀನ ಕೇಳಿಸ್ಕೋತದ, ನಿಮ್ಮ ಹಿಂದಿನ ಗ್ವಾಡಿಗೆ ಬಡದು ಬಂದ ದನಿ ನೇರ ಅದರೊಳಗ ನುಗ್ಗತದ. ಅವ್ವ ಹಳೇ ಸೀರಿ ಪದರ ಹಚ್ಚಿ ಹೊಲಿದ ದಪ್ಪ ಕೌದಿ ಇದ್ರ ರೊಕ್ಕಾ ಕೊಟ್ಟು ತೆಳ್ಳನ ಫೋಮ್ ತರಬ್ಯಾಡ್ರಿ.

ಗಿಟಾರಿನವರು ಕೆಡಸೂದು ಬೇಸ್ನಾಗ. ಅದರ ನಾಕು ತಂತಿ ಇ, ಎ, ಡಿ, ಜಿ. ಗಿಟಾರಿನ ಮ್ಯಾಲಿನ ನಾಕು ದಪ್ಪ ತಂತೀನ, ಒಂದು ಸಪ್ತಕ ಕೆಳಗ. ಬೆರಳಿಗೆ ದಾರಿ ಗೊತ್ತು, ಅದಕ್ಕ ಸುಮ್ಮನ ಇರೂದಿಲ್ಲ. ಡ್ರಮ್ಸ್, ಬೇಸ್ ಎರಡನ್ನ ಬಿಟ್ಟು ಉಳಿದದ್ದೆಲ್ಲಾ ಮ್ಯೂಟ್ ಮಾಡ್ರಿ. ಕಿಕ್ ಬಿದ್ದಲ್ಲೆ ಬೇಸ್ ಹಿಡೀರಿ. ಸ್ನೇರ್ (ಕೋಲಿನಿಂದ ಬಾರಿಸೂ, ಚಟ್ ಅನ್ನೂ ಡ್ರಮ್) ಬಿದ್ದಲ್ಲೆ ಅಂಗೈ ಇಟ್ಟು ತಂತಿ ನಿಲ್ಲಿಸ್ರಿ. ಅಷ್ಟರಾಗ ಹಾಡಿಗೆ ನಡಗಿ ಬರತದ.

ರಿದಮ್ ಗಿಟಾರ್ ಎರಡು ಸಲ ಬ್ಯಾರೆ ಬ್ಯಾರೆ ಬಾರಿಸಿ ಎಡಗಡೆ ಸ್ಪೀಕರಿಗೊಂದು, ಬಲಗಡೆ ಸ್ಪೀಕರಿಗೊಂದು ಇಡ್ರಿ. ಒಂದನ್ನ ಕಾಪಿ ಮಾಡಿದ್ರ ಜೋರ ಆಗತದ, ಅಗಲ ಆಗೂದಿಲ್ಲ. ಧಾರವಾಡದ ಜಿಟಿಜಿಟಿ ಮಳಿಯೊಳಗ ಪ್ರತಿ ಟೇಕಿಗೂ ಶ್ರುತಿ ನೋಡ್ಕೋರಿ.

ಸ್ಟೇಜಿಗೆ ಮಾತ್ರ ಮಂದಿ ಬೇಕು. ಗ್ರೋಲ್‌ಗೂ ಬೇಕಾತು: ಬೇಸಿಗೆ ನೇಟ್ ಮೆಂಡಲ್, ಡ್ರಮ್ಸಿಗೆ ವಿಲಿಯಂ ಗೋಲ್ಡ್‌ಸ್ಮಿತ್, ಗಿಟಾರಿಗೆ ಪ್ಯಾಟ್ ಸ್ಮಿಯರ್. ಬಂದವರಿಗೆ ಎರಡು ಫೈಲ್ ಕೊಡ್ರಿ, ಅವರ ವಾದ್ಯದ್ದಷ್ಟ ಒಂದು, ಅದಿಲ್ಲದ್ದು ಒಂದು. ನಿಮ್ಮ ನಕಲು ಮಾಡ್ರಿ ಅಂತ ಗಂಟು ಬೀಳಬ್ಯಾಡ್ರಿ, ಡ್ರಮ್ಮರ್ ಬಂದ ಮ್ಯಾಲೆ ಡ್ರಮ್ಸ್ ಅವನವು.

ಇನ್ನ ಹೊಟ್ಟಿಪಾಡು. ಹುಬ್ಬಳ್ಳ್ಯಾಗ ಗಣಪತಿ ಹಬ್ಬಕ್ಕ ಆರ್ಕೆಸ್ಟ್ರಾದವರು ಕರದು, "ನಿಮಗ ಕೀಬೋರ್ಡೂ ಬರತದಲ್ರಿ?" ಅಂದ್ರ, ಹೂಂ ಅನ್ನೂಕಿಂತ ಮೊದಲು ಎರಡಕ್ಕೂ ಎಷ್ಟು ಕೊಡ್ತೀರಿ ಅಂತ ಕೇಳ್ರಿ.