ಮಾರಾಟ ಸಮಿತಿಗೆ ಹೆಸರು ಬಂದಿದ್ದು ಎಲ್ಲಿಂದ? ಕಡತ ತೆಗೆಸಿದ ನನ್ನ ಅನುಭವ

"ಅದೆಲ್ಲಾ ಮೇಲಿನಿಂದ ಬರೋ ಹೆಸರು, ನಿಮ್ಮ ಅರ್ಜಿಗೆ ಯಾರು ಬೆಲೆ ಕೊಡ್ತಾರೆ ಸರ್" ಎಂದು ನಮ್ಮ ಸಂಘದವರೇ ಹೇಳಿದ್ದರು. ಆದರೆ ಈ ಸಲ ನಮ್ಮ ಪುರಸಭೆಯ ಪಟ್ಟಣ ಮಾರಾಟ ಸಮಿತಿಗೆ, ಅಂದರೆ ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಸಮಿತಿಗೆ, ನೇಮಕವಾಗುವ ಮೊದಲೇ ಹೆಸರುಗಳು ನೋಟಿಸ್ ಬೋರ್ಡಿಗೆ ಬಂದವು. ಆಕ್ಷೇಪಣೆಗೆ ಹದಿನೈದು ದಿನವೂ ಸಿಕ್ಕಿತು.

ಈ ಸಮಿತಿ ಇರುವುದು 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ. ಕನಿಷ್ಠ ಶೇ. 40 ಸ್ಥಾನ ಬೀದಿ ವ್ಯಾಪಾರಿಗಳದ್ದು, ಅವರೇ ಚುನಾಯಿಸಬೇಕು. ಅಲ್ಲಿ ಗೋಲ್‌ಮಾಲ್ ಆದರೂ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದ್ದು ಉಳಿದ ಕುರ್ಚಿಗಳು: ಸ್ವಯಂಸೇವಾ ಸಂಸ್ಥೆ, ವರ್ತಕರ ಸಂಘ, ನಿವಾಸಿಗಳ ಸಂಘ. ಯಾವ ರಸ್ತೆಯಲ್ಲಿ ಗಾಡಿ ನಿಲ್ಲಬೇಕು ಎನ್ನುವಾಗ ಇವರ ಮಾತೂ ನಡೆಯುತ್ತದೆ. 2020ರಲ್ಲಿ ಬೀದಿ ವ್ಯಾಪಾರಿಗಳಿಗೆ ಸಾಲ ಕೊಡುವ ಪಿಎಂ ಸ್ವನಿಧಿ ಯೋಜನೆ ಬಂದಾಗ, ಬೀದಿ ವ್ಯಾಪಾರಿಗಳ ಸಮೀಕ್ಷೆಯಲ್ಲಿ ಬಿಟ್ಟುಹೋದವರು 10,000 ರೂಪಾಯಿ ಸಾಲಕ್ಕೆ ಪುರಸಭೆಯಿಂದಲೋ ಈ ಸಮಿತಿಯಿಂದಲೋ ಶಿಫಾರಸು ಪತ್ರ ತರಬೇಕಿತ್ತು. ಆಗ ಎಷ್ಟು ಜನ ಅಲೆದರು ಅಂತ ನೋಡಿದ್ದೇನೆ.

ಹೋದ ಸಲದ ನೇಮಕದ ಬಗ್ಗೆ ಮೊದಲು ಮನವಿ ಕೊಟ್ಟೆವು. ಟಪಾಲಿನ ಮುದ್ರೆ ಬಿಟ್ಟು ಏನೂ ಬರಲಿಲ್ಲ. ಧರಣಿ ಕೂತೆವು. ಶಾಮಿಯಾನ, ಮೈಕು, ಟೀ ಸೇರಿ ನಾಲ್ಕು ಸಾವಿರದ ಮೇಲೆ ಹೋಯಿತು. ವ್ಯಾಪಾರಿಗಳ ಒಂದು ದಿನದ ದುಡಿಮೆ ಬೇರೆ ಹೋಯಿತು. ಗೆಳೆಯರೊಬ್ಬರು "ಯಾವ ಆಧಾರದ ಮೇಲೆ ಇವರನ್ನು ಆರಿಸಿದಿರಿ?" ಎಂದು ಮಾಹಿತಿ ಹಕ್ಕು (ಆರ್‌ಟಿಐ) ಅರ್ಜಿ ಹಾಕಿದರು. ಪ್ರಶ್ನೆ ರೂಪದಲ್ಲಿದೆ, ಉತ್ತರ ಕೊಡಲಾಗದು ಎಂದು ಹಿಂಬರಹ ಬಂತು, ಅಷ್ಟೇ.

ನಾನು ಕಾರಣ ಕೇಳಲೇ ಇಲ್ಲ, ಕಾಗದ ಕೇಳಿದೆ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ದಾಟಬಾರದು, ಒಂದೇ ವಿಷಯ ಇರಬೇಕು. ಹಾಗಾಗಿ ಬಿಡಿಬಿಡಿಯಾಗಿ ಹಾಕಿದೆ. ಒಂದರಲ್ಲಿ ನೇಮಕದ ಕಡತದ ಟಿಪ್ಪಣಿ ಹಾಳೆ, ಇನ್ನೊಂದರಲ್ಲಿ ಸಮೀಕ್ಷೆಯ ಪಟ್ಟಿ, ಮತ್ತೊಂದರಲ್ಲಿ ಸಭೆಯ ನಡಾವಳಿ. ಪ್ರತಿಯೊಂದಕ್ಕೂ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. 30 ದಿನ ಕಳೆದರೂ ಉತ್ತರ ಇಲ್ಲ. ಮೊದಲ ಮೇಲ್ಮನವಿ ಹಾಕಿದ ಮೇಲೆ "ಬಂದು ಕಡತ ನೋಡಿಕೊಳ್ಳಿ" ಎಂದರು.

ಕಡತ ತೆಳ್ಳಗಿತ್ತು. ಪ್ರಕಟಣೆ ಇಲ್ಲ, ಒಬ್ಬರ ಅರ್ಜಿಯೂ ಇಲ್ಲ. ಟೈಪ್ ಮಾಡಿದ ಹೆಸರುಗಳ ಒಂದು ಹಾಳೆ, ಎರಡು ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ಬರೆದ ಫೋನ್ ನಂಬರು. ಸ್ವಯಂಸೇವಾ ಸಂಸ್ಥೆಯೊಂದರ ನೋಂದಣಿ ಪ್ರತಿಯೇ ಇರಲಿಲ್ಲ. ವಿಳಾಸ ಹುಡುಕಿಕೊಂಡು ಹೋದರೆ ಅಂಗಡಿಯೊಂದರ ಮಹಡಿಯ ಗೋದಾಮು. ವ್ಯಾಪಾರಿ ಸದಸ್ಯರ ಹೆಸರುಗಳನ್ನು ಸಮೀಕ್ಷೆಯ ಪಟ್ಟಿಯ ಜೊತೆ ತಾಳೆ ಹಾಕಿದೆ. ಒಬ್ಬರಿಗೆ ಸಮೀಕ್ಷೆ ಸಂಖ್ಯೆಯೇ ಇಲ್ಲ, ಅವರು ಬೇಕರಿ ಮಾಲೀಕರು! ಪುಟಕ್ಕೆ ಎರಡು ರೂಪಾಯಿಯಂತೆ ಸುಮಾರು ನಲವತ್ತು ಪುಟ ಪ್ರತಿ ತೆಗೆಸಿದೆ. ಬಸ್ ಚಾರ್ಜು, ಜೆರಾಕ್ಸು ಎಲ್ಲಾ ಸೇರಿ ಸಾವಿರದ ಒಳಗೇ ಮುಗಿಯಿತು.

ಇದೇ ನಮೂನೆಯ ಅರ್ಜಿಯನ್ನು ಊರಿನ ಗಿಡಮರ, ಪ್ರಾಣಿಪಕ್ಷಿಗಳ ವಿಷಯ ನೋಡಿಕೊಳ್ಳುವ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಬಗ್ಗೆಯೂ ಹಾಕಿ ನೋಡಿದೆ. ಉತ್ತರ ಬೇಗ ಬಂತು, ಆದರೆ ಸದಸ್ಯರಲ್ಲೊಬ್ಬರಿಗೆ ತಾವು ಸದಸ್ಯರು ಅಂತಲೇ ಗೊತ್ತಿರಲಿಲ್ಲ! ಅದರ ಬೆನ್ನು ಹತ್ತುವುದು ಇನ್ನೂ ಬಾಕಿ ಇದೆ.

ಸಿಕ್ಕಿದ ಕಾಗದ ಹಿಡಿದು ಗಲಾಟೆ ಮಾಡಲಿಲ್ಲ. ಸಮಿತಿಗಳ ವಿವರ, ಅವುಗಳ ಸಭೆ, ನಡಾವಳಿ ಸಾರ್ವಜನಿಕರಿಗೆ ಸಿಗುತ್ತವೆಯೇ ಎನ್ನುವುದನ್ನು ಕಚೇರಿ ತಾನಾಗೇ ಪ್ರಕಟಿಸಬೇಕು ಎಂದು ಆರ್‌ಟಿಐ ಕಾಯ್ದೆಯ 4(1)(ಬಿ) ಹೇಳುತ್ತದೆ. ಅದನ್ನು ಉಲ್ಲೇಖಿಸಿ, ಹೊಸ ಅವಧಿಯ ಪ್ರಕಟಣೆಯ ಕರಡನ್ನು ನಾನೇ ಬರೆದುಕೊಟ್ಟೆ. ಖಾಲಿ ಸ್ಥಾನ, ಅರ್ಜಿಯ ಕೊನೆ ದಿನ, ಸಂಸ್ಥೆಯ ನೋಂದಣಿ ಸಂಖ್ಯೆ, ವ್ಯಾಪಾರಿಯ ಸಮೀಕ್ಷೆ ಸಂಖ್ಯೆ ಎಲ್ಲಾ ಅದರಲ್ಲಿತ್ತು. ಕೇಸ್ ವರ್ಕರಿಗೆ ಹೊಸದಾಗಿ ಬರೆಯುವ ಕೆಲಸ ಉಳಿಯಲಿಲ್ಲ. ಮುಖ್ಯಾಧಿಕಾರಿಗಳು ಎರಡು ಸಾಲು ತಿದ್ದಿ ಸಹಿ ಹಾಕಿದರು. ಕರಡನ್ನು ಯಾರ ಟೇಬಲಿಗೆ ಮೊದಲು ಕೊಟ್ಟೆ, ಯಾವ ಸಮಯ ನೋಡಿ ಕೊಟ್ಟೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ಸಲವೂ ಅದು ನನಗೆ ಬೇಕು.

ಹೋದ ಸಲದ ಗೋದಾಮಿನ ಸಂಸ್ಥೆ ಈ ಬಾರಿ ಅರ್ಜಿಯನ್ನೇ ಹಾಕಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಹೂ ಮಾರುವ ಅಕ್ಕ ಒಬ್ಬರು ಬೋರ್ಡಿನ ಮುಂದೆ ನಿಂತು ಪಟ್ಟಿ ಓದಿಸಿಕೊಂಡು, ಒಂದು ಹೆಸರಿಗೆ ಆಕ್ಷೇಪಣೆ ಬರೆಸಿದರು. ಆ ಹೆಸರು ಬಿದ್ದುಹೋಯಿತು. ಪಕ್ಕದ ತಾಲೂಕಿನವರು ಈಗ ನನ್ನ ಕರಡನ್ನೇ ಒಯ್ದಿದ್ದಾರೆ. ನಡಾವಳಿ ಮಾತ್ರ ಇನ್ನೂ ಬೋರ್ಡಿಗೆ ಬಂದಿಲ್ಲ, ಅದಕ್ಕೆ ಮುಂದಿನ ವಾರ ಅರ್ಜಿ ಹಾಕುತ್ತೇನೆ.