ಅಮೆರಿಕದಲ್ಲಿ ಎಸಿ ಗ್ಯಾಸ್ ಪರೀಕ್ಷೆ: ಎಲ್ಲಿ ಬರೆಯಬೇಕು?

ನನ್ನ ಪರಿಚಯದವರೊಬ್ಬರು ಹುಬ್ಬಳ್ಳಿಯಲ್ಲಿ ಐಟಿಐ ಮಾಡಿ, ಆಮೇಲೆ ದುಬೈಯಲ್ಲಿ ಹದಿನಾಲ್ಕು ವರ್ಷ ಎಸಿ ಕೆಲಸ ಮಾಡಿದವರು. ಕಂಪ್ರೆಸರ್ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಅಂತ ಹೇಳುತ್ತಾರೆ. ಗ್ರೀನ್ ಕಾರ್ಡ್ ಸಿಕ್ಕಿ ನ್ಯೂಜೆರ್ಸಿಗೆ ಬಂದ ಎರಡನೇ ವಾರಕ್ಕೇ ಮೊಬೈಲ್‌ನಲ್ಲಿ ಹುಡುಕಿ, ಸೋಫಾ ಮೇಲೆ ಕೂತು, ಎಸಿ ಗ್ಯಾಸ್ ಮುಟ್ಟಲು ಅಲ್ಲಿ ಕಡ್ಡಾಯವಾದ ಪರೀಕ್ಷೆಯನ್ನು ಪುಸ್ತಕ ನೋಡಿಕೊಂಡೇ ಬರೆದು ಪಾಸಾಗಿ, ಕಾರ್ಡ್ ತರಿಸಿಕೊಂಡು ಕೆಲಸ ಕೇಳಲು ಹೋದರು. ಅಲ್ಲಿದ್ದವರು ಕಾರ್ಡನ್ನು ತಿರುಗಿಸಿ ನೋಡಿ, 'ಇದು ಟೈಪ್ ಒನ್. ಫ್ರಿಜ್ ರಿಪೇರಿಗೆ ಸರಿ, ನಮ್ಮ ಕೆಲಸಕ್ಕೆ ಆಗಲ್ಲ' ಅಂದರು. ಫೀಸು ಹೋಯ್ತು, ಒಂದು ತಿಂಗಳೂ ಹೋಯ್ತು.

ಇಂಥವರನ್ನು ನಾಲ್ಕೈದು ಜನ ನೋಡಿದ್ದೇನೆ. ಎಲ್ಲರಿಗೂ ಕೆಲಸ ಚೆನ್ನಾಗಿ ಗೊತ್ತು. ಎಡವಿದ್ದು ಪರೀಕ್ಷೆಯಲ್ಲಲ್ಲ, ಪರೀಕ್ಷೆ ಎಲ್ಲಿ ಬರೆಯಬೇಕು ಅನ್ನೋದರಲ್ಲಿ.

ನಾನು ಬೆಂಗಳೂರಿನಲ್ಲಿ ಕೆಲಸ ಕಲಿಯುವಾಗ ಔಟ್‌ಡೋರ್ ಯೂನಿಟ್‌ನ ನಟ್ ಸಡಿಲ ಮಾಡಿ, ಹಳೇ ಗ್ಯಾಸನ್ನು ಸುಯ್ ಅಂತ ಗಾಳಿಗೆ ಬಿಟ್ಟು, ಹೊಸದು ತುಂಬುತ್ತಿದ್ದೆವು. ಯಾರೂ ಏನೂ ಕೇಳುತ್ತಿರಲಿಲ್ಲ. ಅಮೆರಿಕದಲ್ಲಿ ಅದು ಅಪರಾಧ. ಓಝೋನ್ ಹಾಳು ಮಾಡುವ ಗ್ಯಾಸನ್ನು ಬೇಕಂತಲೇ ಗಾಳಿಗೆ ಬಿಡಬಾರದು ಅಂತ 1992ರ ಜುಲೈನಿಂದ ನಿಯಮ ಇದೆ, 1995ರ ನವೆಂಬರ್‌ನಿಂದ ಆರ್-410ಎ ಥರದ ಬದಲಿ ಗ್ಯಾಸುಗಳಿಗೂ ಅದೇ. ಅಲ್ಲಿನ ವಾಯುಮಾಲಿನ್ಯ ಕಾನೂನಿನ 608ನೇ ಸೆಕ್ಷನ್ ಪ್ರಕಾರ ಪರೀಕ್ಷೆ ಪಾಸಾಗದೆ ಗ್ಯಾಸ್ ಲೈನ್ ಬಿಚ್ಚುವ ಹಾಗಿಲ್ಲ. ಇದು 1994ರ ನವೆಂಬರ್ 14ರಿಂದ ಇದೆ. 2018ರ ಜನವರಿಯಿಂದ ಆರ್-410ಎ ಸಿಲಿಂಡರ್ ಕೊಳ್ಳೋದಕ್ಕೂ ಈ ಅರ್ಹತೆ ಬೇಕು. ಆದರೆ ಒಂದು ವಿಷಯ: ಈ ಕಾರ್ಡ್ ಕೆಲಸದ ಪರ್ಮಿಟ್ ಅಲ್ಲ. ವೀಸಾ ಬೇರೆ, ಇದು ಬೇರೆ. ಟೂರಿಸ್ಟ್ ವೀಸಾದಲ್ಲಿ ಬಂದು ಕಾರ್ಡ್ ಮಾಡಿಸಿಕೊಂಡರೆ ಕೆಲಸ ಮಾಡಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

1. ಯಾವ ಕಾರ್ಡ್ ಬೇಕು ಅಂತ ಮೊದಲು ತೀರ್ಮಾನಿಸಿ

ಯೂನಿವರ್ಸಲ್ ಮಾಡಿ. ಬೇರೆ ಯೋಚನೆಯೇ ಬೇಡ. ಟೈಪ್ ಒನ್ ಅಂದರೆ ಫ್ಯಾಕ್ಟರಿಯಲ್ಲೇ ಸೀಲ್ ಆಗಿ ಬಂದ, 5 ಪೌಂಡ್ ಅಂದರೆ ಸುಮಾರು ಎರಡೂಕಾಲು ಕಿಲೋ ಒಳಗೆ ಗ್ಯಾಸ್ ಇರುವ ಫ್ರಿಜ್, ವಿಂಡೋ ಎಸಿ ಥರದವು. ಟೈಪ್ ಟೂ ಅಂದರೆ ಮನೆಯ ಸ್ಪ್ಲಿಟ್, ಅಂಗಡಿ ಛಾವಣಿ ಮೇಲಿನ ದೊಡ್ಡ ಯೂನಿಟ್. ಟೈಪ್ ಥ್ರೀ ಅಂದರೆ ಕಡಿಮೆ ಒತ್ತಡದ ಚಿಲ್ಲರ್, ಅಂದರೆ ನೀರು ತಣ್ಣಗೆ ಮಾಡಿ ದೊಡ್ಡ ಕಟ್ಟಡಗಳನ್ನು ತಂಪಾಗಿಡುವ ಯಂತ್ರ. ಇವು ಮೂರರ ಜೊತೆಗೆ ಎಲ್ಲರಿಗೂ ಕಡ್ಡಾಯವಾದ 'ಕೋರ್' ಭಾಗ ಸೇರಿದರೆ ಯೂನಿವರ್ಸಲ್. ಒಂದೊಂದರಲ್ಲೂ 25 ಪ್ರಶ್ನೆ, ಒಟ್ಟು 100. ಒಂದೊಂದರಲ್ಲೂ ಕನಿಷ್ಠ 18 ಸರಿ ಇರಬೇಕು.

ಕಾರಿನ ಎಸಿ ಇದರಲ್ಲಿ ಬರಲ್ಲ. ಅದು 609, ಬೇರೆಯದೇ ಪರೀಕ್ಷೆ. ಅಗ್ಗ ಅಂತ ಅದನ್ನು ಬರೆದು ಬಂದವರೂ ಇದ್ದಾರೆ.

2. ಯಾರ ಎದುರು ಬರೆಯುತ್ತೀರಿ? ಎಡವಟ್ಟು ಆಗೋದೇ ಇಲ್ಲಿ

ನಿಧಾನವಾಗಿ ಓದಿ. ಪರೀಕ್ಷೆಯಲ್ಲಿ ಎರಡು ಥರ ಇದೆ. ಒಂದು, ಪುಸ್ತಕ ನೋಡಿ ಬರೆಯೋದು. ಮೇಲ್ವಿಚಾರಕರು ಯಾರೂ ಇರಲ್ಲ. ಇದರಲ್ಲಿ ಸಿಗೋದು ಟೈಪ್ ಒನ್ ಮಾತ್ರ, ಮತ್ತೆ ಪಾಸ್ ಮಾಡಲು 18 ಸಾಲದು, 25ಕ್ಕೆ 21 ಬೇಕು. ಇನ್ನೊಂದು, ಪ್ರಾಕ್ಟರ್ ಅಂದರೆ ಮೇಲ್ವಿಚಾರಕರ ಕಣ್ಣೆದುರು ಪುಸ್ತಕ ಇಲ್ಲದೆ ಬರೆಯೋದು. ಟೈಪ್ ಟೂ, ಥ್ರೀ, ಯೂನಿವರ್ಸಲ್ ಸಿಗೋದು ಇದರಲ್ಲಿ ಮಾತ್ರ.

ಇಷ್ಟು ತುಂಬಾ ಜನಕ್ಕೆ ಗೊತ್ತು. ಗೊತ್ತಿಲ್ಲದೇ ಇರೋದು ಕೋರ್ ವಿಚಾರ. ಪುಸ್ತಕ ನೋಡಿ ಬರೆದು ಪಾಸಾದ ಕೋರ್, ಯೂನಿವರ್ಸಲ್‌ಗೆ ಲೆಕ್ಕಕ್ಕೆ ಬರೋದಿಲ್ಲ. 'ಈಗ ಮನೆಯಲ್ಲೇ ಕೋರ್ ಮತ್ತು ಟೈಪ್ ಒನ್ ಮುಗಿಸಿಬಿಡ್ತೀನಿ, ಉಳಿದದ್ದು ಆಮೇಲೆ ಹೋಗಿ ಬರೀತೀನಿ' ಅಂತ ಲೆಕ್ಕ ಹಾಕುತ್ತಾರಲ್ಲ, ಅವರು ಆಮೇಲೆ ಹೋದಾಗ ಕೋರ್ ಮತ್ತೆ ಮೊದಲಿಂದ ಬರೆಯಬೇಕಾಗುತ್ತೆ. ನಮ್ಮ ಹುಬ್ಬಳ್ಳಿಯವರಿಗೆ ಆಗಿದ್ದೂ ಇದೇ. ಹತ್ತಿರದ ದಾರಿ ಅಂತ ಹೋಗಿ ಎರಡು ಸಲ ಫೀಸು ಕಟ್ಟಿದರು.

ಹಾಗಾಗಿ ದುಡ್ಡು ಕಟ್ಟುವ ಮುಂಚೆ ಫೋನ್ ಮಾಡಿ. ಇಂಗ್ಲಿಷ್ ತಡವರಿಸಿದರೂ ಪರವಾಗಿಲ್ಲ, ಕೇಳಬೇಕಾದ್ದು ಮೂರೇ ಪ್ರಶ್ನೆ. ಕೋರ್ ಪ್ರಾಕ್ಟರ್ ಎದುರಿಗೇ ನಡೆಯುತ್ತಾ? ಒಂದು ಭಾಗದಲ್ಲಿ ಫೇಲಾದರೆ ಅದೊಂದನ್ನೇ ಮತ್ತೆ ಬರೆಯಬಹುದಾ, ಅದಕ್ಕೆ ಎಷ್ಟು? ಕಾರ್ಡ್ ಕೊಡುವ ಸಂಸ್ಥೆ ಯಾವುದು? ಮೂರನೆಯದಕ್ಕೆ ಗಮನ ಕೊಡಿ. ತರಗತಿ ನಡೆಸುವವರು ಒಬ್ಬರು, ಕಾರ್ಡ್ ಕೊಡುವವರು ಇನ್ನೊಬ್ಬರು ಇರೋದು ಮಾಮೂಲಿ. ಅದರಲ್ಲಿ ತಪ್ಪೇನಿಲ್ಲ. ಆದರೆ ಸಂಸ್ಥೆಯ ಹೆಸರು ಹೇಳಲು ಅವರು ಹಿಂದೆ ಮುಂದೆ ನೋಡಿದರೆ ಫೋನ್ ಇಟ್ಟುಬಿಡಿ.

3. ಹೆಸರು ಪಟ್ಟಿಯಲ್ಲಿದೆಯಾ ನೋಡಿ

ಅಲ್ಲಿನ ಪರಿಸರ ಇಲಾಖೆ, ಅಂದರೆ ಇಪಿಎ, ತಾನೇ ಪರೀಕ್ಷೆ ನಡೆಸಲ್ಲ. ಒಪ್ಪಿಗೆ ಪಡೆದ ಸಂಸ್ಥೆಗಳು ನಡೆಸುತ್ತವೆ. ಎಸ್ಕೋ ಇನ್‌ಸ್ಟಿಟ್ಯೂಟ್, ಮೇನ್‌ಸ್ಟ್ರೀಮ್ ಎಂಜಿನಿಯರಿಂಗ್, ಫೆರಿಸ್ ಸ್ಟೇಟ್ ಯೂನಿವರ್ಸಿಟಿ, ಹೀಗೆ. ಪೂರ್ತಿ ಪಟ್ಟಿ ಇಪಿಎ ವೆಬ್‌ಸೈಟ್‌ನಲ್ಲೇ ಇದೆ, ಎರಡು ನಿಮಿಷದ ಕೆಲಸ. ಪಟ್ಟಿಯಲ್ಲಿರುವ ಯಾವ ಸಂಸ್ಥೆಯ ಕಾರ್ಡ್ ಆದರೂ ಮಾನ್ಯತೆ ಒಂದೇ, ದೇಶದ ಎಲ್ಲ ರಾಜ್ಯದಲ್ಲೂ ನಡೆಯುತ್ತೆ, ಮತ್ತೆ ಅವಧಿ ಮುಗಿಯೋ ಮಾತೇ ಇಲ್ಲ. ಹಾಗಾಗಿ 'ನಮ್ಮ ಕಾರ್ಡ್‌ಗೆ ಮಾರ್ಕೆಟ್‌ನಲ್ಲಿ ಜಾಸ್ತಿ ಮರ್ಯಾದೆ' ಅಂತ ಹೇಳಿ ಡಬಲ್ ರೇಟ್ ಕೇಳುವವರ ಮಾತು ಬರೀ ಬುರುಡೆ. ಮೂರು ವರ್ಷಕ್ಕೊಮ್ಮೆ ರಿನ್ಯೂವಲ್ ಅನ್ನುವವರದ್ದು ಮೋಸ.

ಈಗ ಇನ್ನೊಂದು ಶುರುವಾಗಿದೆ. 2025ರಿಂದ ಅಮೆರಿಕದಲ್ಲಿ ಹೊಸ ಮನೆ ಎಸಿಗಳು ಆರ್-454ಬಿ, ಆರ್-32 ಗ್ಯಾಸಿಗೆ ಬದಲಾಗುತ್ತಿವೆ. ಇವಕ್ಕೆ ಸ್ವಲ್ಪ ಬೆಂಕಿ ಹತ್ತುವ ಗುಣ ಇದೆ. ಅದನ್ನೇ ಹಿಡಿದುಕೊಂಡು ಪರೀಕ್ಷೆ ಜೊತೆಗೆ ಇನ್ನೊಂದು ಸರ್ಟಿಫಿಕೇಟನ್ನೂ ಕಟ್ಟಿ ಮಾರುತ್ತಾರೆ. ಸುರಕ್ಷತೆ ಕಲಿಯೋದು ಒಳ್ಳೆಯದೇ, ಆದರೆ 608ಕ್ಕೆ ಅದು ಕಡ್ಡಾಯ ಅಲ್ಲ. ಆರ್-32 ಅಂತೂ ನಮ್ಮ ಊರಿನ ಹುಡುಗರಿಗೆ ಹೊಸದೇನಲ್ಲ, ಭಾರತದಲ್ಲಿ ವರ್ಷಗಳಿಂದ ತುಂಬುತ್ತಿದ್ದಾರೆ.

4. ಜಾಗ ಆರಿಸಿ

ಮೂರು ದಾರಿ ಇವೆ. ಎಸಿ ಸಾಮಾನು ಮಾರುವ ಸಪ್ಲೈ ಹೌಸ್, ಕಮ್ಯುನಿಟಿ ಕಾಲೇಜು, ಇಲ್ಲಾ ಮನೆಯಲ್ಲಿ ಕ್ಯಾಮೆರಾ ಮುಂದೆ. ನನ್ನನ್ನು ಕೇಳಿದರೆ ಸಪ್ಲೈ ಹೌಸ್. ಇದರಲ್ಲಿ ನಾನು ಹಟಮಾರಿ. ತುಂಬಾ ಕಡೆ ಒಂದು ದಿನದ ತರಗತಿ ಮಾಡಿ, ಸಂಜೆ ಅಲ್ಲೇ ಪರೀಕ್ಷೆ ಇಡುತ್ತಾರೆ. ಪಕ್ಕದಲ್ಲಿ ಕೂತವರು ನಾಳೆ ನಿಮಗೆ ಕೆಲಸ ಕೊಡಿಸುವವರೂ ಆಗಬಹುದು. ನನಗೆ ಮೊದಲ ಕೆಲಸ ಸಿಕ್ಕಿದ್ದು ಹಾಗೇ, ಊಟದ ಬಿಡುವಿನಲ್ಲಿ ಕಾಫಿ ಮಷೀನ್ ಹತ್ತಿರ. ಇನ್ನೊಂದು ಲಾಭ, ಅವರು ಫ್ಯಾರನ್‌ಹೀಟ್, ಪೌಂಡು, ಇಂಚು ಲೆಕ್ಕದಲ್ಲೇ ಮಾತಾಡುತ್ತಾರೆ. ಸೆಲ್ಸಿಯಸ್‌ನಲ್ಲಿ ಯೋಚಿಸುವ ನಮ್ಮ ತಲೆಗೆ ಆ ಒಂದು ದಿನದ ಅಭ್ಯಾಸ ಬೇಕೇ ಬೇಕು.

ಕಮ್ಯುನಿಟಿ ಕಾಲೇಜು ಕೂಡ ಚೆನ್ನಾಗಿದೆ, ಸ್ವಲ್ಪ ನಿಧಾನ.

ಕ್ಯಾಮೆರಾ ಮುಂದೆ ಬರೆಯೋದು ನಿಯಮದ ಪ್ರಕಾರ ಸರಿಯೇ. ಹತ್ತಿರ ಎಲ್ಲೂ ಸೆಂಟರ್ ಇಲ್ಲದವರಿಗೆ ಅದೇ ಗತಿ. ಆದರೆ ನಮ್ಮ ಮನೆಗಳಲ್ಲಿ ಅದು ಆಗೋ ಹೋಗೋ ಮಾತಲ್ಲ. ನನ್ನ ಭಾಮೈದ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟ್‌ನಲ್ಲಿ ಬಾಗಿಲು ಹಾಕಿಕೊಂಡು ಕೂತ. ಟೇಬಲ್ ಖಾಲಿ, ರೂಮನ್ನು ಸುತ್ತ ತೋರಿಸಿಯಾಯ್ತು, ಕೋರ್ ಮುಗಿಸಿ ಟೈಪ್ ಟೂಗೆ ಬಂದ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು, ಇವನು ಅತ್ತ ತಿರುಗಿದ. ಅದಕ್ಕೊಂದು ಎಚ್ಚರಿಕೆ ಬಂತು. ಮೂರನೇ ಸೀಟಿ ಹೊತ್ತಿಗೆ ನನ್ನ ಮಗಳು ಬಾಗಿಲು ತೆಗೆದು, 'ಮಾವ, ಚಾರ್ಜರ್ ಕೊಡಿ' ಅಂದಳು. ಪರೀಕ್ಷೆ ಅಲ್ಲಿಗೇ ಬಂದ್. ಫೀಸು ವಾಪಸ್ ಬರಲಿಲ್ಲ. ಮನೆಯಲ್ಲೇ ಬರೆಯೋದಾದರೆ ಎಲ್ಲರನ್ನೂ ದೇವಸ್ಥಾನಕ್ಕೋ ಪಾರ್ಕಿಗೋ ಕಳಿಸಿ ಕೂತ್ಕೊಳ್ಳಿ. ಊರಲ್ಲಿ ಇದ್ದುಕೊಂಡೇ ಬರೆಯುವ ಯೋಚನೆ ಇದ್ದರೆ, ಅಮೆರಿಕದ ಹೊರಗಿನಿಂದ ಬರೆಯಲು ಬಿಡುತ್ತಾರಾ, ಪಾಸ್‌ಪೋರ್ಟ್ ಗುರುತಿಗೆ ಆಗುತ್ತಾ ಅಂತ ಸಂಸ್ಥೆಯಿಂದ ಬರಹದಲ್ಲಿ ತರಿಸಿಕೊಂಡು ಆಮೇಲೆ ಫೀಸು ಕಟ್ಟಿ.

5. ಓದು

ಪರೀಕ್ಷೆ ಕೊಡುವ ಸಂಸ್ಥೆಯ ಪುಸ್ತಕವನ್ನೇ ಓದಿ. ವಾಟ್ಸಾಪ್‌ನಲ್ಲಿ ಓಡಾಡುವ ಹಳೇ ಪ್ರಶ್ನೆ ಪಿಡಿಎಫ್‌ಗಳನ್ನು ಅಳಿಸಿಬಿಡಿ. ಹಳೆಯದಾ ಅಂತ ಕಂಡುಹಿಡಿಯಲು ಒಂದು ಸುಲಭದ ದಾರಿ ಇದೆ. 50 ಪೌಂಡ್ ಅಥವಾ ಜಾಸ್ತಿ ಗ್ಯಾಸ್ ಇರುವ ಎಸಿ ವರ್ಷಕ್ಕೆ ಎಷ್ಟು ಲೀಕ್ ಆದರೆ ರಿಪೇರಿ ಕಡ್ಡಾಯ ಅನ್ನುವ ಪ್ರಶ್ನೆ ಹುಡುಕಿ. ಉತ್ತರ ಶೇ 15 ಅಂತ ಇದ್ದರೆ ಅದು ಹಳೇ ಸರಕು. 2019ರಿಂದ ಅದು ಶೇ 10, ಅಂಗಡಿಗಳ ಕೂಲರ್‌ಗಳಿಗೆ ಶೇ 20, ಕಾರ್ಖಾನೆಗಳಿಗೆ ಶೇ 30. 'ಪಾಸ್ ಗ್ಯಾರಂಟಿ' ಅಂತ ಮಾರುವ ಪುಸ್ತಕವೊಂದರಲ್ಲೂ ನಾನು ಶೇ 15 ನೋಡಿದ್ದೇನೆ.

ಅನುಭವ ಇದೆ ಅಂತ ಓದದೇ ಹೋಗಬೇಡಿ. ಹಳೇ ಗ್ಯಾಸನ್ನು ಹಿಡಿದಿಡುವ ರಿಕವರಿ ಸಿಲಿಂಡರನ್ನು ಶೇ 80ಕ್ಕಿಂತ ಜಾಸ್ತಿ ತುಂಬಬಾರದು, ಅದರ ಮೈ ಬೂದು, ತಲೆ ಹಳದಿ. ಇಂಥವನ್ನು ಕೈ ಅಂದಾಜಿನಿಂದ ಬರೆಯಲು ಆಗಲ್ಲ.

6. ಪರೀಕ್ಷೆ ದಿನ

ಫೋಟೊ ಇರುವ ಗುರುತಿನ ಚೀಟಿ ಮರೆಯಬೇಡಿ. ಹೆಸರನ್ನು ಅದರಲ್ಲಿ ಇರೋ ಹಾಗೇ ಬರೆಯಿರಿ. ಇನಿಶಿಯಲ್ ಮುಂದೆ ಹಾಕುವ ನಮ್ಮ ಅಭ್ಯಾಸ ಅಲ್ಲಿ ಗೊಂದಲ ಮಾಡುತ್ತೆ.

ಕಾರ್ಡ್ ಬಂದ ಮೇಲೆ ಎರಡೂ ಬದಿ ಫೋಟೊ ತೆಗೆದು, ಕೊಟ್ಟ ಸಂಸ್ಥೆಯ ಹೆಸರನ್ನು ಬೇರೆ ಕಡೆ ಬರೆದಿಡಿ. ಕಳೆದುಹೋದರೆ ಇಪಿಎ ಇನ್ನೊಂದು ಕೊಡಲ್ಲ, ಆ ಸಂಸ್ಥೆಯೇ ಕೊಡಬೇಕು. ನನ್ನ ಮೊದಲ ಕಾರ್ಡ್ ಪ್ಯಾಂಟ್ ಜೇಬಿನಲ್ಲೇ ವಾಷಿಂಗ್ ಮಷೀನ್‌ಗೆ ಹೋಗಿತ್ತು. ಅಕ್ಷರ ಪೂರ್ತಿ ಅಳಿಸಿ ಹೋಗಿ, ಯಾರು ಕೊಟ್ಟಿದ್ದು ಅಂತ ನೆನಪಾಗದೆ, ಪರೀಕ್ಷೆ ಬರೆದ ಸಪ್ಲೈ ಹೌಸ್‌ಗೇ ವಾಪಸ್ ಹೋಗಿ ಕೌಂಟರ್‌ನಲ್ಲಿ ವಿಚಾರಿಸಬೇಕಾಯ್ತು.